ಕಿವಿಯ ಬುಡದ ಗಂಟು: ಮುಖ ಸೊಟ್ಟಗಾಗುವ ಭಯಕ್ಕೆ ಕಾಯುತ್ತ ಕೂರಬೇಡಿ

ಕಿವಿಯ ಬುಡದಲ್ಲಿ ಬೆಳೆಯುವ ಗಂಟನ್ನು ಮೊದಲು ಕಂಡುಹಿಡಿಯುವವರು ಸಾಮಾನ್ಯವಾಗಿ ವೈದ್ಯರಲ್ಲ. ಗಂಡಸರಾದರೆ ಕ್ಷೌರ ಮಾಡುವವರು, ಹೆಂಗಸರಾದರೆ ಓಲೆ ಹಾಕಿಕೊಳ್ಳುವಾಗ ತಾವೇ, ಇಲ್ಲವೇ ಜಡೆ ಹೆಣೆಯುವ ಅಕ್ಕತಂಗಿಯರು. ‘ಏನಣ್ಣಾ ಇದು, ಇಲ್ಲೊಂದು ಗೋಲಿಯಂಥದ್ದು?’ ಎಂದು ಕತ್ತರಿ ನಿಲ್ಲಿಸಿ ಕೇಳಿದಾಗಲೇ ಗಂಟಿನ ಯಜಮಾನನಿಗೆ ಅದು ತಿಳಿಯುವುದು. ಮುಟ್ಟಿದರೆ ನೋವಿಲ್ಲ. ಜ್ವರವಿಲ್ಲ. ಊಟ ನಿದ್ದೆಗೆ ಅಡ್ಡಿಯಿಲ್ಲ. ಹೀಗಾಗಿ ವರ್ಷಗಳು ಉರುಳುತ್ತವೆ. ಗೋಲಿಯಷ್ಟಿದ್ದದ್ದು ನೆಲ್ಲಿಕಾಯಿ ಗಾತ್ರಕ್ಕೆ ಬರುತ್ತದೆ, ನೆಲ್ಲಿಕಾಯಿ ನಿಂಬೆಹಣ್ಣಾಗುತ್ತದೆ, ಕಿವಿಯ ಹಾಲೆಯನ್ನು ಮೇಲಕ್ಕೆತ್ತಿ ನಿಲ್ಲಿಸುತ್ತದೆ. ಆಗ ಗಂಡಸರು ಹೆಗಲ ಮೇಲಿನ ಟವೆಲನ್ನು ಕಿವಿಯವರೆಗೆ ಎಳೆದುಕೊಳ್ಳುತ್ತಾರೆ, ಹೆಂಗಸರು ಸೆರಗನ್ನು.

ಇಷ್ಟು ವರ್ಷ ಏಕೆ ತೋರಿಸಲಿಲ್ಲ ಎಂದು ಕೇಳಿದರೆ ಕಾಮಸಮುದ್ರ, ಬಂಗಾರಪೇಟೆ, ಕೆ.ಜಿ.ಎಫ್. ಕಡೆಯ ಜನ ಕನ್ನಡದಲ್ಲಿ ಹೇಳಲಿ, ತೆಲುಗಿನಲ್ಲಿ ಹೇಳಲಿ, ತಮಿಳಿನಲ್ಲಿ ಹೇಳಲಿ, ಉತ್ತರ ಮಾತ್ರ ಒಂದೇ: ‘ಅಲ್ಲಿ ಕತ್ತಿ ಇಟ್ಟರೆ ಬಾಯಿ ಸೊಟ್ಟಗಾಗುತ್ತದಂತೆ ಸಾರ್.’ ಯಾರು ಹೇಳಿದರು ಎಂದರೆ ಪಕ್ಕದ ಊರಿನಲ್ಲಿ ಒಬ್ಬರಿಗೆ ಹಾಗಾಗಿತ್ತಂತೆ. ಈ ಮಾತು ಪೂರ್ತಿ ಸುಳ್ಳಾಗಿದ್ದರೆ ಅದನ್ನು ಅಲ್ಲಗಳೆಯುವುದು ಸುಲಭವಿತ್ತು. ಅದು ಅರ್ಧ ನಿಜ. ಅರ್ಧ ನಿಜವನ್ನು ಬಿಡಿಸಿ ಹೇಳಲು ಹೊರರೋಗಿಗಳ ಸಾಲಿನ ಮುಂದೆ ಯಾವ ವೈದ್ಯನಿಗೂ ಸಮಯ ಸಿಗುವುದಿಲ್ಲ. ಆದ್ದರಿಂದ ಈ ವಾರ ಅದನ್ನೇ ಬರೆಯುತ್ತಿದ್ದೇನೆ.

ನವಿಲುಗರಿ ಮತ್ತು ಪುಸ್ತಕ

ನಮ್ಮ ಬಾಯಿಗೆ ಜೊಲ್ಲು ಒದಗಿಸಲು ಮೂರು ಜೊತೆ ದೊಡ್ಡ ಗ್ರಂಥಿಗಳೂ ನೂರಾರು ಚಿಕ್ಕ ಗ್ರಂಥಿಗಳೂ ಇವೆ. ದೊಡ್ಡವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಕಿವಿಯ ಮುಂದೆ ಮತ್ತು ಕೆಳಗೆ, ದವಡೆಯ ಮೂಲೆಗೆ ಅಂಟಿಕೊಂಡಿರುವ ಪರೋಟಿಡ್ ಗ್ರಂಥಿ. ‘ಕಿವಿಯ ಬಳಿಯದು’ ಎಂದಷ್ಟೇ ಆ ಗ್ರೀಕ್ ಮೂಲದ ಹೆಸರಿನ ಅರ್ಥ. ಹುಣಸೆಹಣ್ಣನ್ನು ನೆನೆದ ಕೂಡಲೇ ಕೆನ್ನೆಯ ಒಳಗೆ ಜುಮ್ಮೆಂದು ನೀರೂರುತ್ತದಲ್ಲ, ಅದು ಇದರದೇ ಕೆಲಸ. ಇದರ ನಾಳ ಬಾಯೊಳಗೆ ತೆರೆದುಕೊಳ್ಳುವುದು ಮೇಲಿನ ಎರಡನೆಯ ದವಡೆ ಹಲ್ಲಿನ ಎದುರು. ನಾಲಿಗೆಯ ತುದಿಯಿಂದ ಹುಡುಕಿದರೆ ಕೆಲವರಿಗೆ ಅಲ್ಲಿ ಸಣ್ಣ ಉಬ್ಬು ಸಿಗುತ್ತದೆ. ಅದು ರೋಗವಲ್ಲ, ಗಾಬರಿ ಬೇಡ.

ಕಷ್ಟ ಇರುವುದು ಗ್ರಂಥಿಯಲ್ಲಲ್ಲ, ಅದರ ನಡುವೆ ಹಾದುಹೋಗುವ ನರದಲ್ಲಿ. ಮುಖದ ನರ ಮಿದುಳಿನಿಂದ ಹೊರಟು, ಕಿವಿಯ ಹಿಂದಿನ ಮೂಳೆಯೊಳಗಿನ ಸಣ್ಣ ಕಾಲುವೆಯಲ್ಲಿ ಸುತ್ತಿ ಬಳಸಿ ಬಂದು, ಕಿವಿಯ ಕೆಳಗೆ ಒಂದು ರಂಧ್ರದಿಂದ ಹೊರಬೀಳುತ್ತದೆ. ಹೊರಬಿದ್ದದ್ದೇ ಪರೋಟಿಡ್ ಗ್ರಂಥಿಯನ್ನು ಹೊಕ್ಕು ಐದು ಮುಖ್ಯ ಕವಲುಗಳಾಗುತ್ತದೆ. ನಿಮ್ಮ ಬಲ ಅಂಗೈಯನ್ನು ಬಲ ಕೆನ್ನೆಯ ಮೇಲಿಡಿ, ಮಣಿಕಟ್ಟು ಕಿವಿಯ ಬಳಿ ಇರಲಿ, ಬೆರಳುಗಳನ್ನು ಅಗಲಿಸಿ. ಹೆಬ್ಬೆರಳು ಹಣೆಯತ್ತ, ತೋರುಬೆರಳು ಕಣ್ಣಿನತ್ತ, ನಡುಬೆರಳು ಮೂಗು ಮತ್ತು ಮೇಲ್ದುಟಿಯತ್ತ, ಉಂಗುರಬೆರಳು ಕೆಳದುಟಿಯತ್ತ, ಕಿರುಬೆರಳು ಕತ್ತಿನತ್ತ. ಕವಲುಗಳು ಹೋಗುವುದು ಸುಮಾರಾಗಿ ಹೀಗೆಯೇ. ಹುಬ್ಬೇರಿಸುವುದು, ಕಣ್ಣು ಮುಚ್ಚುವುದು, ನಗುವುದು, ಸೀಟಿ ಹೊಡೆಯುವುದು, ನೀರು ಬಾಯಿಂದ ಸೋರದಂತೆ ತುಟಿ ಬಿಗಿಯುವುದು ಎಲ್ಲವೂ ಈ ನರದ ಅಪ್ಪಣೆಯಂತೆ.

ಚಿಕ್ಕವರಿದ್ದಾಗ ಪುಸ್ತಕದ ಹಾಳೆಗಳ ನಡುವೆ ನವಿಲುಗರಿ ಇಟ್ಟು ಅದು ಮರಿ ಹಾಕುತ್ತದೆಂದು ಕಾಯುತ್ತಿದ್ದೆವಲ್ಲ, ಗ್ರಂಥಿಯೊಳಗೆ ನರ ಇರುವುದು ಹಾಗೆ. ಮೇಲಿನ ಹಾಳೆ ದಪ್ಪ, ಕೆಳಗಿನದು ತೆಳು, ನಡುವೆ ಗರಿ. ಹೆಚ್ಚಿನ ಗಡ್ಡೆಗಳು ಹುಟ್ಟುವುದು ಮೇಲಿನ ಹಾಳೆಯಲ್ಲಿ. ಗಡ್ಡೆ ತೆಗೆಯುವುದೆಂದರೆ ಗರಿಯ ಒಂದು ಎಳೆಯೂ ಮುರಿಯದಂತೆ ಮೇಲಿನ ಹಾಳೆಯನ್ನು ಬಿಡಿಸಿ ತೆಗೆಯುವುದು. ಇದು ಸಣ್ಣ ಆಪರೇಷನ್ ಅಲ್ಲ. ಚರ್ಮದ ಮೇಲೆ ಕಾಣುವ ಗಂಟು ಚಿಕ್ಕದಿರಬಹುದು, ಆಪರೇಷನ್ ಮಾತ್ರ ಚಿಕ್ಕದಲ್ಲ. ಈ ಒಂದು ವಿಷಯ ಗೊತ್ತಿದ್ದರೆ ಮುಂದಿನ ಅರ್ಧ ಅನಾಹುತ ತಪ್ಪುತ್ತದೆ.

ಯಾವ ಊತ ಯಾವುದು?

ಕಿವಿಯ ಬುಡ ಊದಿದ್ದೆಲ್ಲ ಗಡ್ಡೆಯಲ್ಲ. ಮಕ್ಕಳಲ್ಲಿ ಜ್ವರದ ಜೊತೆ ಎರಡು ಕೆನ್ನೆಯೂ ಊದಿಕೊಂಡರೆ ಅದು ಕೆಪ್ಪಟೆ, ಮಂಗನಬಾವು. ತಮಿಳು ಮನೆಗಳಲ್ಲಿ ಇದನ್ನು ‘ಪೊನ್ನುಕ್ಕು ವೀಂಗಿ’ ಎನ್ನುತ್ತಾರೆ, ಚಿನ್ನಕ್ಕಾಗಿ ಊದಿಕೊಳ್ಳುವ ರೋಗ ಎಂದು. ಮಗುವಿನ ಕೊರಳಿಗೆ ಚಿನ್ನದ ಸರ ಹಾಕಿದರೆ ಇಳಿಯುತ್ತದೆ ಎಂಬ ನಂಬಿಕೆ. ಸರ ಹಾಕಿದರೂ ಇಳಿಯುತ್ತದೆ, ಹಾಕದಿದ್ದರೂ ವಾರ ಹತ್ತು ದಿನದಲ್ಲಿ ಇಳಿಯುತ್ತದೆ. ಉಣ್ಣುವಾಗ ಮಾತ್ರ ಊದಿ ಆಮೇಲೆ ಇಳಿದರೆ ನಾಳದಲ್ಲಿ ಕಲ್ಲು ಸಿಕ್ಕಿರಬಹುದು. ಕ್ಷಯದ ಗಂಟು, ಕೊಬ್ಬಿನ ಗಂಟು ಇವೂ ಅಲ್ಲಿ ಬರುತ್ತವೆ.

ಆದರೆ ಒಂದೇ ಕಡೆ, ನೋವಿಲ್ಲದೆ, ಗಟ್ಟಿಯಾಗಿ, ಒಂದು ತಿಂಗಳಾದರೂ ಕರಗದೆ ಉಳಿದ ಗಂಟನ್ನು ಪರೋಟಿಡ್ ಗಡ್ಡೆ ಎಂದೇ ಎಣಿಸಿ ಪರೀಕ್ಷೆ ಮಾಡಿಸಬೇಕು. ಅದಕ್ಕೆ ಮತ್ತೆ ಮತ್ತೆ ಆಂಟಿಬಯೋಟಿಕ್ ಬರೆದುಕೊಡುವ ವೈದ್ಯರಿದ್ದಾರೆ. ಒಂದು ಕೋರ್ಸಿಗೆ ಇಳಿಯದ ನೋವಿಲ್ಲದ ಗಂಟು ಮೂರನೆಯ ಕೋರ್ಸಿಗೂ ಇಳಿಯುವುದಿಲ್ಲ. ಇನ್ನು ಸೊಪ್ಪಿನ ಪಟ್ಟು, ಸುಣ್ಣ ಬೆಲ್ಲ, ಬರೆ ಇವುಗಳಿಂದ ಚರ್ಮ ಸುಟ್ಟು ಗಾಯವಾಗುವುದೇ ಹೊರತು ಗಡ್ಡೆಗೆ ಅದರ ಸುದ್ದಿಯೂ ಮುಟ್ಟುವುದಿಲ್ಲ. ಆಪರೇಷನ್ ಮಾಡುವವರಿಗೆ ಆ ಸುಟ್ಟ ಚರ್ಮ ದೊಡ್ಡ ತಲೆನೋವು.

ಸಮಾಧಾನದ ಸಂಗತಿ ಒಂದಿದೆ. ಪರೋಟಿಡ್ ಗಡ್ಡೆಗಳಲ್ಲಿ ಹತ್ತಕ್ಕೆ ಸುಮಾರು ಎಂಟು ಕ್ಯಾನ್ಸರ್ ಅಲ್ಲ. ಆ ಎಂಟರಲ್ಲೂ ಬಹುಪಾಲು ‘ಪ್ಲಿಯೋಮಾರ್ಫಿಕ್ ಅಡಿನೋಮ’ ಎಂಬ, ನಿಧಾನವಾಗಿ ಬೆಳೆಯುವ ಸೌಮ್ಯ ಗಡ್ಡೆ. ಎರಡನೆಯ ಸ್ಥಾನ ‘ವಾರ್ಥಿನ್’ ಗಡ್ಡೆಗೆ. ಅದು ಬೀಡಿ ಸಿಗರೇಟು ಸೇದುವ, ಐವತ್ತು ದಾಟಿದ ಗಂಡಸರಲ್ಲಿ ಹೆಚ್ಚು, ಕೆಲವೊಮ್ಮೆ ಎರಡೂ ಕಡೆ ಬರುತ್ತದೆ, ಕ್ಯಾನ್ಸರಾಗಿ ತಿರುಗುವುದು ತೀರ ಅಪರೂಪ. ವಯಸ್ಸಾದವರಲ್ಲಿ, ಹೃದಯದ ತೊಂದರೆ ಇರುವವರಲ್ಲಿ ವಾರ್ಥಿನ್ ಗಡ್ಡೆಯನ್ನು ಸುಮ್ಮನೆ ಗಮನಿಸುತ್ತ ಇದ್ದರೂ ನಡೆಯುತ್ತದೆ. ಹಾಗಾಗಿ ಎಲ್ಲ ಗಂಟಿಗೂ ಕತ್ತಿಯೇ ಮದ್ದು ಎಂದು ನಾನು ಹೇಳುತ್ತಿಲ್ಲ. ಯಾವ ಗಂಟು ಎಂದು ತಿಳಿದುಕೊಳ್ಳುವುದನ್ನು ಮಾತ್ರ ಮುಂದೂಡಬಾರದು.

ತಿಳಿದುಕೊಳ್ಳುವ ದಾರಿ ಸುಲಭ. ಅಲ್ಟ್ರಾಸೌಂಡ್, ಆಮೇಲೆ ತೆಳುವಾದ ಸೂಜಿಯಿಂದ ಕೋಶಗಳನ್ನು ಹೀರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಎಫ್.ಎನ್.ಎ.ಸಿ. ಪರೀಕ್ಷೆ. ಗಡ್ಡೆ ಆಳದಲ್ಲಿದ್ದರೆ ಅಥವಾ ಅನುಮಾನವಿದ್ದರೆ ಎಂ.ಆರ್.ಐ. ‘ಸೂಜಿ ಚುಚ್ಚಿದರೆ ಗಡ್ಡೆ ಹರಡಿಬಿಡುತ್ತದೆ’ ಎಂಬ ಹೆದರಿಕೆ ಬೇಡ. ಆ ತೆಳು ಸೂಜಿಯಿಂದ ಹಾಗಾಗುವುದು ಅತ್ಯಂತ ವಿರಳ. ಹೆದರಬೇಕಾದದ್ದು ಬೇರೆಯದಕ್ಕೆ: ‘ಒಂದು ಚೂರು ಕತ್ತರಿಸಿ ಟೆಸ್ಟಿಗೆ ಕಳಿಸೋಣ’ ಎಂದು ಗಂಟಿನ ಮೇಲೆ ನೇರವಾಗಿ ಚರ್ಮ ಕೊಯ್ಯುವುದಕ್ಕೆ. ಇದರಿಂದ ಗಡ್ಡೆಯ ಕೋಶಗಳು ಚೆಲ್ಲುತ್ತವೆ, ನರಕ್ಕೂ ಪೆಟ್ಟು ಬೀಳಬಹುದು.

ಸುಮ್ಮನೆ ಬಿಟ್ಟರೆ ಏನಾಗುತ್ತದೆ?

ಕ್ಯಾನ್ಸರ್ ಅಲ್ಲವೆಂದ ಮೇಲೆ ಇದ್ದುಕೊಳ್ಳಲಿ ಬಿಡಿ ಎನ್ನುವವರು ಬಹಳ. ಅದರಲ್ಲೂ ಮದುವೆಯಾಗದ ಹೆಣ್ಣುಮಕ್ಕಳ ವಿಷಯದಲ್ಲಿ ‘ಮದುವೆ ಆಗಲಿ, ಆಮೇಲೆ ನೋಡೋಣ’ ಎಂಬ ಮಾತು ಎಷ್ಟು ಸಾರಿ ಕೇಳಿದ್ದೇನೋ ಲೆಕ್ಕವಿಲ್ಲ. ಮದುವೆಯಾದ ಮೇಲೆ ಬಸಿರು, ಬಾಣಂತನ, ಮಕ್ಕಳ ಶಾಲೆ. ಹತ್ತು ಹನ್ನೆರಡು ವರ್ಷ ಕಣ್ಣುಮುಚ್ಚಿ ತೆರೆಯುವುದರೊಳಗೆ ಕಳೆದಿರುತ್ತದೆ.

ಪ್ಲಿಯೋಮಾರ್ಫಿಕ್ ಅಡಿನೋಮ ಮೊದಲ ಐದು ವರ್ಷಗಳಲ್ಲಿ ಕ್ಯಾನ್ಸರಾಗಿ ತಿರುಗುವ ಸಂಭವ ನೂರಕ್ಕೆ ಒಂದೆರಡು ಮಾತ್ರ. ಹದಿನೈದು ವರ್ಷ ದಾಟಿದರೆ ಅದು ನೂರಕ್ಕೆ ಸುಮಾರು ಹತ್ತರವರೆಗೆ ಏರುತ್ತದೆ ಎಂಬುದು ವೈದ್ಯ ಗ್ರಂಥಗಳು ಕೊಡುವ ಲೆಕ್ಕ. ವರ್ಷಗಟ್ಟಲೆ ಹಾಗೇ ಇದ್ದ ಗಂಟು ಎರಡು ಮೂರು ತಿಂಗಳಲ್ಲಿ ಥಟ್ಟನೆ ದೊಡ್ಡದಾಯಿತು, ನೋವು ಶುರುವಾಯಿತು, ಕೈಯಲ್ಲಿ ಅಲುಗಾಡಿಸಿದರೆ ಅಲುಗದಷ್ಟು ಹಿಡಿದುಕೊಂಡಿತು, ಕತ್ತಿನಲ್ಲಿ ಬೇರೆ ಗಂಟುಗಳು ಕಾಣಿಸಿದವು ಎಂದರೆ ಆ ದಿನವೇ ಹೊರಡಬೇಕು. ಇವೆಲ್ಲಕ್ಕಿಂತ ಕೆಟ್ಟ ಸೂಚನೆ, ಆಪರೇಷನ್ ಮಾಡಿಸದೆಯೇ ಆ ಕಡೆಯ ಮುಖ ಜೋಲುಬೀಳುವುದು. ಸೌಮ್ಯ ಗಡ್ಡೆ ಎಷ್ಟೇ ದೊಡ್ಡದಾದರೂ ನರವನ್ನು ಸಾಮಾನ್ಯವಾಗಿ ಪಕ್ಕಕ್ಕೆ ತಳ್ಳುತ್ತದೆ, ತಿನ್ನುವುದಿಲ್ಲ. ನರವನ್ನು ತಿನ್ನುವುದು ಕ್ಯಾನ್ಸರ್. ಅಂದರೆ ಬಾಯಿ ಸೊಟ್ಟಗಾದೀತೆಂದು ಹೆದರಿ ಗಂಟನ್ನು ಇಟ್ಟುಕೊಂಡವರಿಗೆ, ಅದೇ ಗಂಟಿನಿಂದ ಒಂದು ದಿನ ಬಾಯಿ ಸೊಟ್ಟಗಾಗಬಹುದು. ಆಗ ನರವನ್ನು ಉಳಿಸುವ ಮಾತೇ ಕಷ್ಟ.

ಇಲ್ಲೊಂದು ಉಪಕಥೆ. ಗಾಳಿ ಬಡಿಯಿತು ಎಂದು ಹೇಳುವ, ರಾತ್ರಿ ಬೆಳಗಾಗುವುದರೊಳಗೆ ಮುಖ ಸೊಟ್ಟಗಾಗುವ ಬೆಲ್ಸ್ ಪಾಲ್ಸಿ ಎಂಬ ರೋಗ ನಮ್ಮಲ್ಲಿ ಸಾಮಾನ್ಯ. ಅದು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಮೊದಲ ಮೂರು ದಿನದೊಳಗೆ ವೈದ್ಯರು ಕೊಡುವ ಸ್ಟೀರಾಯ್ಡ್ ಮಾತ್ರೆ ಇನ್ನೂ ಹೆಚ್ಚು ಜನರನ್ನು ಪೂರ್ತಿ ಗುಣಪಡಿಸುತ್ತದೆ. ಈ ತಾನಾಗಿ ವಾಸಿಯಾಗುವ ರೋಗದಿಂದಾಗಿಯೇ ನಾಟಿ ಔಷಧಿ ಕೊಡುವ ಎಷ್ಟೋ ಮಂದಿ ಹೆಸರುವಾಸಿಯಾಗಿದ್ದಾರೆ. ಆದರೆ ವಾರದಿಂದ ವಾರಕ್ಕೆ ನಿಧಾನವಾಗಿ ಹೆಚ್ಚುವ ಸೊಟ್ಟ, ಮೂರು ನಾಲ್ಕು ತಿಂಗಳಾದರೂ ಒಂದಿಷ್ಟೂ ಸುಧಾರಿಸದ ಸೊಟ್ಟ ಬೆಲ್ಸ್ ಪಾಲ್ಸಿ ಅಲ್ಲ. ಅಂಥವರ ಕಿವಿಯ ಬುಡವನ್ನು ಕೈಯಿಂದ ಒತ್ತಿ ನೋಡಬೇಕು, ಸ್ಕ್ಯಾನ್ ಮಾಡಿಸಬೇಕು. ಹೊರಗೆ ಗಂಟು ಕಾಣದೆ ಒಳಗೇ ಅವಿತ ಗಡ್ಡೆಗಳೂ ಉಂಟು.

ಹಿತಕಿದ ಅವರೆಯಲ್ಲ

ಈಗ ನನಗೆ ಹೆಚ್ಚು ಸಿಟ್ಟು ತರಿಸುವ ವಿಷಯಕ್ಕೆ ಬರುತ್ತೇನೆ. ಕಾಯುವವರಿಂದ ಆಗುವ ಹಾನಿಗಿಂತ ಅವಸರದಲ್ಲಿ ಸಿಕ್ಕಲ್ಲಿ ಕೊಯ್ಯಿಸಿಕೊಂಡವರಿಗೆ ಆಗುವ ಹಾನಿ ಕಡಿಮೆಯೇನಲ್ಲ. ‘ಅರ್ಧ ಗಂಟೆ ಕೆಲಸ, ಮರಗಟ್ಟಿಸುವ ಸೂಜಿ ಹಾಕಿ ತೆಗೆದುಬಿಡುತ್ತೇವೆ, ಸಂಜೆ ಮನೆಗೆ ಹೋಗಬಹುದು’ ಎಂದು ಹೇಳುವವರು ಇನ್ನೂ ಇದ್ದಾರೆ. ಹೀಗೆ ತೆಗೆಸಿಕೊಂಡ ಒಬ್ಬ ರೈತ ಮಹಿಳೆ ಎಂಟು ವರ್ಷಗಳ ನಂತರ ನನ್ನಲ್ಲಿಗೆ ಬಂದಾಗ ಹಳೆಯ ಗಾಯದ ಗುರುತಿನ ಸುತ್ತ ಮೆಣಸಿನ ಕಾಳಿನಿಂದ ಕಡಲೆಕಾಳಿನ ಗಾತ್ರದವರೆಗೆ ಏಳೆಂಟು ಗಂಟುಗಳು ಕೈಗೆ ಸಿಕ್ಕವು. ಮೊದಲ ಸಲ ತೆಗೆದ ಗಡ್ಡೆ ಏನಾಗಿತ್ತು ಎಂದು ಕೇಳಿದರೆ, ಸ್ಟೀಲ್ ಬಟ್ಟಲಿನಲ್ಲಿಟ್ಟು ಗಂಡನಿಗೆ ತೋರಿಸಿದರಂತೆ. ಅಷ್ಟೇ. ಪರೀಕ್ಷೆಗೆ ಕಳಿಸಿರಲಿಲ್ಲ, ಕಾಗದವೂ ಇರಲಿಲ್ಲ.

ಹೀಗೇಕಾಗುತ್ತದೆ? ಪ್ಲಿಯೋಮಾರ್ಫಿಕ್ ಅಡಿನೋಮಕ್ಕೆ ಸುತ್ತಲೂ ಒಂದು ಸಿಪ್ಪೆ ಇರುವಂತೆ ಕಾಣುತ್ತದೆ. ನಮ್ಮ ಕೋಲಾರದ ಮನೆಗಳಲ್ಲಿ ಚಳಿಗಾಲದಲ್ಲಿ ನೆನೆಸಿದ ಅವರೆಯನ್ನು ಹಿತಕಿದರೆ ಬೇಳೆ ಪಳಕ್ಕನೆ ಹೊರಬರುತ್ತದಲ್ಲ, ಹಾಗೆ ಸಿಪ್ಪೆ ಸೀಳಿ ಗಡ್ಡೆಯನ್ನು ಹೊರದೂಡುವುದು ಹಳೆಯ ಕಾಲದ ಕ್ರಮ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಜಗತ್ತಿನೆಲ್ಲೆಡೆ ಬಹಳ ಮಂದಿ ಶಸ್ತ್ರವೈದ್ಯರು ಹೀಗೆಯೇ ಮಾಡುತ್ತಿದ್ದರು, ನರಕ್ಕೆ ಹೆದರಿ. ಗಡ್ಡೆಗಳು ಮತ್ತೆ ಮತ್ತೆ ಬರುತ್ತಿದ್ದವು. 1958ರಲ್ಲಿ ಪೇಟಿ ಮತ್ತು ಥ್ಯಾಕ್ರೆ ಎಂಬ ಇಬ್ಬರು ಬ್ರಿಟಿಷ್ ವೈದ್ಯರು ತೆಗೆದ ಗ್ರಂಥಿಗಳನ್ನು ಸೂಕ್ಷ್ಮವಾಗಿ ಪರೀಕ್ಷಿಸಿ ಬರೆದ ಲೇಖನ ಇದರ ಗುಟ್ಟನ್ನು ಸ್ಪಷ್ಟಪಡಿಸಿತು. ಆ ಸಿಪ್ಪೆ ಎಲ್ಲ ಕಡೆ ಗಟ್ಟಿಯಲ್ಲ. ಮೊಳಕೆ ಬಂದ ಆಲೂಗಡ್ಡೆಯ ಹಾಗೆ ಗಡ್ಡೆ ಅಲ್ಲಲ್ಲಿ ಸಣ್ಣ ಮೊಳಕೆಗಳನ್ನು ಹೊರಕ್ಕೆ ಚಾಚಿರುತ್ತದೆ. ಹಿತಕಿ ತೆಗೆದರೆ ಮೊಳಕೆಗಳು ಅಲ್ಲೇ ಉಳಿಯುತ್ತವೆ. ಹಿತಕಿ ತೆಗೆದವರಲ್ಲಿ ನೂರಕ್ಕೆ ಇಪ್ಪತ್ತರಿಂದ ನಲವತ್ತು ಮಂದಿಗೆ ಗಡ್ಡೆ ಮರುಕಳಿಸುತ್ತದೆ. ಸುತ್ತಲಿನ ಗ್ರಂಥಿಯ ಭಾಗವನ್ನೂ ಸೇರಿಸಿ ಕ್ರಮವಾಗಿ ತೆಗೆದರೆ ಈ ಸಂಖ್ಯೆ ನೂರಕ್ಕೆ ಒಂದರಿಂದ ನಾಲ್ಕಕ್ಕೆ ಇಳಿಯುತ್ತದೆ.

ಮರುಕಳಿಸಿದ ಗಡ್ಡೆ ಒಂದಾಗಿರುವುದಿಲ್ಲ, ಸಾಸಿವೆ ಚೆಲ್ಲಿದಂತೆ ಹಲವಾಗಿರುತ್ತದೆ. ನರವಾದರೋ ಹಳೆಯ ಗಾಯದ ಗಟ್ಟಿ ನಾರಿನಲ್ಲಿ ಹೂತುಹೋಗಿರುತ್ತದೆ. ಎರಡನೆಯ ಆಪರೇಷನ್ನಿನಲ್ಲಿ ನರಕ್ಕೆ ಪೆಟ್ಟಾಗುವ ಅಪಾಯ ಮೊದಲಿನದಕ್ಕಿಂತ ಎಷ್ಟೋ ಪಟ್ಟು. ಪರೋಟಿಡ್ ಗಡ್ಡೆಯ ವಿಷಯದಲ್ಲಿ ಮೊದಲ ಆಪರೇಷನ್ನೇ ಒಳ್ಳೆಯ ಅವಕಾಶ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ನನ್ನಂಥ ಎಂ.ಬಿ.ಬಿ.ಎಸ್. ವೈದ್ಯರು ಇದನ್ನು ಮಾಡಕೂಡದು. ಎಲ್ಲ ಸರ್ಜನ್ನರೂ ಇದನ್ನು ಮಾಡಬೇಕಿಲ್ಲ. ತಲೆ ಕತ್ತಿನ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದವರು, ಈ ನರವನ್ನು ನೂರಾರು ಸಲ ಕಣ್ಣಾರೆ ಕಂಡವರು ಮಾಡಬೇಕು.

ಅಂಥವರು ಮಾಡುವುದು ಹೇಗೆ? ಪೂರ್ತಿ ಅರಿವಳಿಕೆ ಕೊಟ್ಟು, ಕಿವಿಯ ಮುಂದಿನಿಂದ ಹಾಲೆಯ ಕೆಳಗೆ ಬಳಸಿ ಕತ್ತಿನ ಮಡಿಕೆಯವರೆಗೆ ಕೊಯ್ಯುತ್ತಾರೆ. ಒಂದು ವರ್ಷದಲ್ಲಿ ಈ ಗೆರೆ ಹೆಚ್ಚಿನವರಲ್ಲಿ ಹುಡುಕಿದರೂ ಸಿಗದಂತಾಗುತ್ತದೆ. ಮೊದಲು ಹುಡುಕುವುದು ಗಡ್ಡೆಯನ್ನಲ್ಲ, ನರದ ಕಾಂಡವನ್ನು. ಕಿವಿಯ ಮೃದು ಎಲುಬಿನ ತುದಿ, ಕತ್ತಿನ ಒಂದು ಸ್ನಾಯುವಿನ ಅಂಚು ಇವು ಅದಕ್ಕೆ ಕೈಕಂಬಗಳು. ಕಾಂಡ ಸಿಕ್ಕ ಮೇಲೆ ಒಂದೊಂದೇ ಕವಲನ್ನು ಹಿಂಬಾಲಿಸುತ್ತ ಗಡ್ಡೆಯಿರುವ ಭಾಗವನ್ನು ಬಿಡಿಸುತ್ತಾರೆ. ಎರಡು ಮೂರು ಗಂಟೆ ಹಿಡಿಯುತ್ತದೆ. ಈಚಿನ ವರ್ಷಗಳಲ್ಲಿ ಚಿಕ್ಕ, ಮೇಲ್ಪದರದ ಗಡ್ಡೆಗಳಿಗೆ ಗ್ರಂಥಿಯ ಸ್ವಲ್ಪ ಭಾಗವನ್ನಷ್ಟೇ ತೆಗೆಯುವ ಕ್ರಮವೂ ಬಂದಿದೆ. ಅದೂ ಪಳಗಿದ ಕೈಗಳಿಗೆ ಮಾತ್ರ. ನರದ ಮಾನಿಟರ್ ಎಂಬ ಯಂತ್ರವನ್ನು ಮುಖದ ಸ್ನಾಯುಗಳಿಗೆ ಜೋಡಿಸಿದರೆ ನರದ ಹತ್ತಿರ ಹೋದಾಗ ಅದು ಸದ್ದು ಮಾಡಿ ಎಚ್ಚರಿಸುತ್ತದೆ. ಇದ್ದರೆ ಒಳ್ಳೆಯದು. ಆದರೆ ಅನುಭವವಿಲ್ಲದವರ ಕೈಗೆ ಯಂತ್ರ ಅನುಭವವನ್ನು ಕೊಡುವುದಿಲ್ಲ.

ಮುಖದ ಲೆಕ್ಕ

ಈಗ ಅರ್ಧ ನಿಜದ ಲೆಕ್ಕಕ್ಕೆ ಬರೋಣ. ಸೌಮ್ಯ ಗಡ್ಡೆಗೆ ಮೊದಲ ಬಾರಿ, ಕ್ರಮವಾಗಿ ಆಪರೇಷನ್ ಆದ ನೂರು ಮಂದಿಯಲ್ಲಿ ಇಪ್ಪತ್ತರಿಂದ ನಲವತ್ತು ಮಂದಿಗೆ ಎಚ್ಚರವಾದಾಗ ಮುಖದ ಯಾವುದಾದರೂ ಭಾಗದಲ್ಲಿ ಶಕ್ತಿ ಕಡಿಮೆ ಇರುತ್ತದೆ. ಹೆಚ್ಚಾಗಿ ಕೆಳದುಟಿಯ ಮೂಲೆ. ನರ ತುಂಡಾಗಿ ಅಲ್ಲ, ಎಳೆದಾಡಿದ್ದರಿಂದ, ಊತದಿಂದ ಅದು ಮಂಕಾಗಿರುತ್ತದೆ. ಇವರಲ್ಲಿ ಬಹುತೇಕ ಎಲ್ಲರೂ ಮೂರರಿಂದ ಆರು ತಿಂಗಳಲ್ಲಿ, ಕೆಲವರು ಒಂದು ವರ್ಷದ ಆಚೀಚೆಗೆ ಮೊದಲಿನಂತಾಗುತ್ತಾರೆ. ಶಾಶ್ವತವಾಗಿ ಉಳಿಯುವುದು ನೂರಕ್ಕೆ ಒಂದರಿಂದ ಐದು ಮಂದಿಗೆ. ಪಕ್ಕದ ಊರಿನ ಆ ಒಬ್ಬರು ನಿಜವಿರಬಹುದು. ಸುಖವಾಗಿ ಮನೆಗೆ ಬಂದವರ ಸುದ್ದಿಯನ್ನು ಯಾರೂ ಊರೂರಿಗೆ ಹೊರುವುದಿಲ್ಲ.

ಈ ಲೆಕ್ಕವನ್ನು ಆಪರೇಷನ್ನಿಗೆ ಮೊದಲೇ ಹೇಳಬೇಕಾದದ್ದು ವೈದ್ಯರ ಕರ್ತವ್ಯ, ಕೇಳಬೇಕಾದದ್ದು ನಿಮ್ಮ ಹಕ್ಕು. ಇಂಗ್ಲಿಷಿನ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವುದು ಹೇಳಿದಂತಲ್ಲ. ಮನೆಯ ಮಾತಿನಲ್ಲಿ, ಮನೆಯ ಒಬ್ಬ ಹಿರಿಯರ ಎದುರು ಹೇಳಿಸಿಕೊಳ್ಳಿ. ನೀವು ವರ್ಷಕ್ಕೆ ಇಂಥ ಎಷ್ಟು ಆಪರೇಷನ್ ಮಾಡುತ್ತೀರಿ ಎಂದು ಕೇಳಿ. ಒಳ್ಳೆಯ ಸರ್ಜನ್ನರಿಗೆ ಈ ಪ್ರಶ್ನೆಯಿಂದ ಕೋಪ ಬರುವುದಿಲ್ಲ. ಹಿಂದಿನ ದಿನ ನಗುವಾಗ, ಕಣ್ಣು ಬಿಗಿಯಾಗಿ ಮುಚ್ಚಿದಾಗ, ಹುಬ್ಬೇರಿಸಿದಾಗ ಮುಖ ಹೇಗಿದೆಯೆಂದು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಮುಖದ ಶಕ್ತಿ ಕಡಿಮೆಯಾದಾಗ ಜನ ಬಾಯಿಯನ್ನು ನೋಡಿ ಅಳುತ್ತಾರೆ. ವೈದ್ಯರು ನೋಡುವುದು ಕಣ್ಣನ್ನು. ರೆಪ್ಪೆ ಪೂರ್ತಿ ಮುಚ್ಚದಿದ್ದರೆ ಕಣ್ಣು ಒಣಗಿ, ಕರಿಗುಡ್ಡೆಯ ಮೇಲೆ ಹುಣ್ಣಾಗಿ, ದೃಷ್ಟಿಯೇ ಹೋಗಬಹುದು. ಹಗಲು ಗಂಟೆ ಎರಡು ಗಂಟೆಗೊಮ್ಮೆ ಕೃತಕ ಕಣ್ಣೀರಿನ ಹನಿ, ರಾತ್ರಿ ಮುಲಾಮು ಹಚ್ಚಿ ರೆಪ್ಪೆಯನ್ನು ಪಟ್ಟಿಯಿಂದ ಮುಚ್ಚಿ ಮಲಗುವುದು, ಹೊರಗೆ ಹೋಗುವಾಗ ಕನ್ನಡಕ. ಇಷ್ಟನ್ನು ತಪ್ಪದೆ ಮಾಡಿದರೆ ಕಣ್ಣು ಉಳಿಯುತ್ತದೆ. ಮುಖಕ್ಕೆ ‘ಕರೆಂಟ್ ಕೊಡಿಸುವ’ ಚಿಕಿತ್ಸೆಗೆ ತಿಂಗಳುಗಟ್ಟಲೆ ದುಡ್ಡು ಸುರಿಯುವುದಕ್ಕಿಂತ ಕನ್ನಡಿಯ ಮುಂದೆ ದಿನಕ್ಕೆ ಎರಡು ಮೂರು ಸಲ ನಿಧಾನವಾಗಿ ಮಾಡುವ ವ್ಯಾಯಾಮವೇ ಮೇಲು ಎಂಬುದು ನನ್ನ ಅಭಿಪ್ರಾಯ.

ರೆಪ್ಪೆ ಬಹಳ ಕಾಲ ಮುಚ್ಚದೆ ಉಳಿದರೆ ಮೇಲ್ರೆಪ್ಪೆಯೊಳಗೆ ಸುಮಾರು ಒಂದು ಗ್ರಾಂ ತೂಕದ ಚಿನ್ನದ ತಗಡನ್ನು ಇಟ್ಟು ಹೊಲಿಯುವ ಆಪರೇಷನ್ ಇದೆ. ಚಿನ್ನ ಭಾರ, ತುಕ್ಕು ಹಿಡಿಯುವುದಿಲ್ಲ, ಮೈಗೆ ಸಾಮಾನ್ಯವಾಗಿ ಒಗ್ಗುತ್ತದೆ. ಆ ಭಾರಕ್ಕೆ ರೆಪ್ಪೆ ತಾನಾಗಿ ಕೆಳಗಿಳಿಯುತ್ತದೆ. ಮಲಗಿದಾಗ ಭಾರ ಕೆಲಸ ಮಾಡುವುದಿಲ್ಲವಾದ್ದರಿಂದ ರಾತ್ರಿಯ ಮುಲಾಮು ಬಿಡುವಂತಿಲ್ಲ. ಕೆನ್ನೆಯ ಊತಕ್ಕೆ ಕೊರಳಲ್ಲಿ ಚಿನ್ನ ಹಾಕುವ ನಂಬಿಕೆಯಿರುವ, 2001ರ ಫೆಬ್ರವರಿ 28ರಂದು ಮುಚ್ಚುವ ತನಕ ನೂರಿಪ್ಪತ್ತು ವರ್ಷ ನೆಲದಾಳದಿಂದ ಚಿನ್ನ ತೆಗೆದ ನಮ್ಮ ಗಣಿ ಊರಿನವರಿಗೆ ಇದನ್ನು ಹೇಳಿದಾಗ ನಗುತ್ತಾರೆ. ಆದರೆ ಇದು ನಿಜಕ್ಕೂ ಕೆಲಸ ಮಾಡುವ ಚಿನ್ನ.

ನರ ಕತ್ತರಿಸಿಯೇ ಹೋಗಿದ್ದರೆ? ಆಪರೇಷನ್ ಮೇಜಿನ ಮೇಲೆಯೇ ಗೊತ್ತಾದರೆ ಆಗಲೇ ಹೊಲಿಯಬೇಕು. ನರ ಉಳಿದಿದೆ ಎಂದು ಸರ್ಜನ್ನರಿಗೆ ಖಾತ್ರಿಯಿಲ್ಲದೆ ಇಡೀ ಅರ್ಧ ಮುಖ ಬಿದ್ದುಹೋಗಿದ್ದರೆ ಮೊದಲ ಮೂರು ದಿನ ಅಮೂಲ್ಯ. ಅಷ್ಟರೊಳಗೆ ಮತ್ತೆ ತೆರೆದರೆ ತುಂಡಾದ ನರದ ಮುಂದಿನ ತುದಿ ವಿದ್ಯುತ್ ಪ್ರಚೋದನೆಗೆ ಇನ್ನೂ ಮಿಡಿಯುತ್ತಿರುತ್ತದೆ, ಹುಡುಕುವುದು ಸುಲಭ. ಕ್ಯಾನ್ಸರ್ ನರವನ್ನೇ ಹಿಡಿದಿದ್ದರೆ ಆ ಭಾಗವನ್ನು ಬಲಿಕೊಡಬೇಕಾಗುತ್ತದೆ. ಆಗಲೂ ಕತ್ತಿನಿಂದ ಅಥವಾ ಕಾಲಿನಿಂದ ಸ್ಪರ್ಶಕ್ಕೆ ಮಾತ್ರ ಸಂಬಂಧಿಸಿದ ಒಂದು ನರವನ್ನು ತೆಗೆದು ಅದೇ ದಿನ ಕಸಿ ಮಾಡಬಹುದು. ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಬೆಳೆಯುವುದರಿಂದ ಫಲ ಕಾಣಲು ಆರು ತಿಂಗಳು, ವರ್ಷ ಬೇಕು. ಒಂದೂವರೆ ಎರಡು ವರ್ಷ ಸುಮ್ಮನೆ ಬಿಟ್ಟರೆ ಮುಖದ ಸ್ನಾಯುಗಳೇ ಬತ್ತಿಹೋಗುತ್ತವೆ. ಆಮೇಲೆ ನರ ಜೋಡಿಸಿ ಪ್ರಯೋಜನವಿಲ್ಲ, ಬೇರೆ ಕಡೆಯಿಂದ ಸ್ನಾಯು ತಂದು ಕೂಡಿಸಬೇಕಾಗುತ್ತದೆ. ‘ದೇವರು ಕೊಟ್ಟದ್ದು’ ಎಂದು ಸೊಟ್ಟ ಬಾಯಿಯನ್ನು ಒಪ್ಪಿಕೊಂಡು ಕೂರುವ ಮೊದಲು ಪ್ಲಾಸ್ಟಿಕ್ ಸರ್ಜನ್ನರನ್ನು ಒಮ್ಮೆ ಕಾಣಿರಿ.

ಸಣ್ಣ ತೊಂದರೆಗಳನ್ನೂ ಹೇಳಿಬಿಡುತ್ತೇನೆ. ಕಿವಿಯ ಹಾಲೆ ಮರಗಟ್ಟಿದಂತಿರುತ್ತದೆ. ಓಲೆ ಹಾಕುವಾಗ ಗಾಯವಾದರೂ ತಿಳಿಯದು, ಎಚ್ಚರಿಕೆ. ಗಾಯದಿಂದ ಕೆಲವು ದಿನ ಜೊಲ್ಲು ಸೋರಬಹುದು, ಒತ್ತುಪಟ್ಟಿ ಕಟ್ಟಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಕೆಲವು ತಿಂಗಳ ನಂತರ ಇನ್ನೊಂದು ವಿಚಿತ್ರ ಕಾಣಿಸಿಕೊಳ್ಳಬಹುದು: ಮುದ್ದೆಯ ಜೊತೆ ಖಾರದ ಬಸ್ಸಾರು ಉಣ್ಣುವಾಗ ಆ ಕಡೆಯ ಕೆನ್ನೆ ಮಾತ್ರ ಕೆಂಪಾಗಿ ಬೆವರುವುದು. ಜೊಲ್ಲು ಗ್ರಂಥಿಗೆ ಹೋಗಬೇಕಾದ ನರದ ಎಳೆಗಳು ಮತ್ತೆ ಬೆಳೆಯುವಾಗ ದಾರಿ ತಪ್ಪಿ ಬೆವರಿನ ಗ್ರಂಥಿಗಳನ್ನು ಸೇರಿಕೊಂಡದ್ದರ ಫಲ ಇದು. ಪೋಲೆಂಡಿನ ನರವೈದ್ಯೆ ಲೂಸ್ಯಾ ಫ್ರೈ 1923ರಲ್ಲಿ ಇದನ್ನು ವಿವರಿಸಿದ್ದರಿಂದ ಇದಕ್ಕೆ ಅವರದೇ ಹೆಸರಿದೆ. ಯಹೂದಿಯಾಗಿದ್ದ ಆಕೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳಿಗೆ ಬಲಿಯಾದರು. ಇದು ಅಪಾಯದ ಲಕ್ಷಣವಲ್ಲ, ಹೆಚ್ಚಿನವರು ಟವೆಲಿನಿಂದ ಒರೆಸಿಕೊಂಡು ಸುಮ್ಮನಾಗುತ್ತಾರೆ. ತೀರ ಮುಜುಗರವಾದರೆ ಬೊಟುಲಿನಂ ಚುಚ್ಚುಮದ್ದಿನಿಂದ ಕೆಲವು ತಿಂಗಳು ತಡೆಯಬಹುದು.

ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ನಮ್ಮ ಕಡೆಯವರು ಚಿಂತಿಸಬೇಕಿಲ್ಲ. ಕೋಲಾರದ ಟಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಬಂಗಾರಪೇಟೆಯಿಂದ ನಿತ್ಯ ಸಾವಿರಾರು ಜನ ಕೆಲಸಕ್ಕೆ ಹೋಗುವ ಅದೇ ರೈಲು ಬೆಂಗಳೂರಿನ ವಿಕ್ಟೋರಿಯಾ, ಕಿದ್ವಾಯಿ ಆಸ್ಪತ್ರೆಗಳ ಊರಿಗೂ ಒಯ್ಯುತ್ತದೆ. ಅದೇ ಹಳಿಯ ಮೇಲೆ ಎದುರು ದಿಕ್ಕಿಗೆ ಹೋದರೆ ಕಾಟ್ಪಾಡಿ, ಅಲ್ಲಿಂದ ವೆಲ್ಲೂರಿನ ಸಿ.ಎಂ.ಸಿ. ಬಿ.ಪಿ.ಎಲ್. ಪಡಿತರ ಚೀಟಿ ಇರುವವರು 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಹೊರಡುವ ಮೊದಲೇ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ, ರೆಫರಲ್ ಪತ್ರ ಬೇಕಾದರೆ ಪಡೆದುಕೊಳ್ಳಿ. ತೆಗೆದ ಗಡ್ಡೆಯನ್ನು ಕಡ್ಡಾಯವಾಗಿ ಪೆಥಾಲಜಿ ಪರೀಕ್ಷೆಗೆ ಕಳಿಸಲು ಹೇಳಿ. ಎರಡು ವಾರದ ನಂತರ ಆ ವರದಿಯನ್ನು ಕೇಳಿ ಪಡೆದು, ಮನೆಯ ಪಹಣಿ, ಪಡಿತರ ಚೀಟಿ ಇಡುವ ಪೆಟ್ಟಿಗೆಯಲ್ಲೇ ಇಡಿ. ಪ್ಲಿಯೋಮಾರ್ಫಿಕ್ ಅಡಿನೋಮ ಹತ್ತು ಹದಿನೈದು ವರ್ಷಗಳ ನಂತರವೂ ಮರುಕಳಿಸಬಹುದು. ಆಗ ನೋಡುವ ವೈದ್ಯರು ಮೊದಲು ಕೇಳುವುದು ಆ ಕಾಗದವನ್ನೇ.